ಎಂಬತ್ತರ ಮ್ಯಾಲಿನ ಹತ್ತಿ

ಶಂಶಾದ, ಐಟಿಐ ಎರಡನೇ ವರ್ಷ,
ನಮ್ಮ ಜಿನ್ನಿನ ತೂಕದ ಕಟ್ಟಿ ಮ್ಯಾಲೆ ಕುಂತು
ನನಗ ಅಕ್ಷರ ಕಲಿಸ್ತಾಳ.
ನಾನು ಹುಸೇನಪ್ಪ. ಮೂವತ್ತೊಂದು ವರ್ಷ
ಜೀಪಿಗೆ ಡೀಸೆಲ್ ಕುಡಿಸಿದ ಕೈ.
ಹೋದ ಅಮಾಸಿಗೆ ಸಾವ್ಕಾರ್ರು ಹೊಸ ಗಾಡಿ ತಂದ್ರು.
ಬಾನೆಟ್ ಎತ್ತಿ ಕಿವಿ ಇಟ್ರ
ಕೇಳಾಕ ಏನೂ ಇಲ್ಲ.

"ಮಾಮಾ, ಕಿಲೋವ್ಯಾಟ್ ಅವರ್ ಅಂದ್ರ ಅಂಜಬ್ಯಾಡ್ರಿ.
ಕರೆಂಟ್ ಬಿಲ್ಲಿನಾಗ ಯೂನಿಟ್ ಅಂತ ಇರ್ತದಲ್ಲ,
ಅದೇ ಇದು."
ಅದೇನಾ?
ತಿಂಗಳಾ ತಿಂಗಳಾ ಬೈಕೋತ ಕಟ್ಟಿದ್ದು
ಇಷ್ಟು ದೊಡ್ಡ ಹೆಸರಿನ ಮನಿತನದ್ದು ಅಂತ
ಯಾರು ಹೇಳಿದ್ರು ನಮಗ?

"ಅವರ್ ಇಲ್ಲದ ಬರೇ ಕಿಲೋವ್ಯಾಟ್ ಬ್ಯಾರೆ, ಮಾಮಾ."
ಕೊಡದಾಗ ಎಷ್ಟು ನೀರದ ಅನ್ನೋದು ಒಂದು,
ನಳ ಎಷ್ಟು ಜೋರು ಬಿಡ್ತದ ಅನ್ನೋದು ಇನ್ನೊಂದು.
ಎಂಟು ದಿನಕ್ಕೊಮ್ಮೆ ನೀರು ಬರೋ ಓಣಿಯವ ನಾನು,
ಇದನ್ನ ಎರಡು ಸಲ ಹೇಳಬ್ಯಾಡ ತಾಯಿ.

ರೇಂಜ್ ಅಂದ್ರ ಕಂಪನಿಯವರು ಬರದ ದೂರ: ಮುನ್ನೂರ ಹನ್ನೆರಡು.
ಗಂಡಿನ ಕಡಿಯವರು ಹೇಳೋ ಹೊಲದ ಲೆಕ್ಕ ಇದ್ಹಂಗ,
ಸುಳ್ಳಲ್ಲ, ಆದ್ರ ಹೋಗಿ ನೋಡಬೇಕು.
ರಾಯಚೂರಿನ ಮೇ ತಿಂಗಳು, ನಲವತ್ನಾಲ್ಕು ಡಿಗ್ರಿ,
ಹಿಂದ ಸಾವ್ಕಾರ್ರು, ಎಸಿ ಪೂರ್ತಿ:
ಎಕರೆ ಕರಗ್ತಾವ.

ಫಾಸ್ಟ್ ಚಾರ್ಜಿಗೆ ಹಚ್ಚಿದ ದಿನ ಸಿಟ್ಟಾದೆ.
ಎಂಬತ್ತರ ತನಕ ಓಡೋಡಿ ಬಂದದ್ದು
ಆಮ್ಯಾಲೆ ಹೊಂಡ ಕಂಡ ಎಮ್ಮಿ ಹಂಗ ನಿಂತ್ಬಿಡ್ತು.
ಶಂಶಾದ ಬಾಯಿ ತೆರೆಯೂದ್ರೊಳಗ
ನನಗ ನಮ್ಮವ್ವ ಕಂಡ್ಳು.
ಇದೇ ಜಿನ್ನಿನಾಗ, ಅಂಡಿಗಿಯೊಳಗ ಇಳದು
ಹತ್ತಿ ತುಳಿಯಾಕಿ.
ಮೊದಲು ಮಡಲು ಮಡಲು ಸುರಿದ್ರೂ ನುಂಗ್ತದ ಚೀಲ.
ಕೊನಿಗೆ ಒಂದು ಹಿಡಿ ಹಾಕು, ತುಳಿ.
ಒಂದು ಹಿಡಿ, ತುಳಿ.
ಅವಸರ ಮಾಡಿದ್ರ ಹೊಲಿಗಿ ಬಿಚ್ಚತಿತ್ತು,
ದಾರದ ರೊಕ್ಕ ಕೂಲಿಯಾಗ ಹಿಡಕೊತಿದ್ರು.
"ಇದು ಎಂಬತ್ತರ ಮ್ಯಾಲಿನ ಹತ್ತಿ," ಅಂದೆ.
ಶಂಶಾದ ನೋಟ್‌ಬುಕ್ ತಗದು
ಈ ಸಲ ತಾನು ಬರಕೊಂಡ್ಳು.

ರೀಜನ್ ಅಂತ ಒಂದದ.
ಕಾಲು ಎತ್ತಿದ್ರ ಗಾಡಿ ತಾನ ತಡಿತದ,
ತಡದ ವೇಗ ತಿರುಗಿ ಬ್ಯಾಟರಿಗೆ ಜಮಾ.
ಇಷ್ಟು ವರ್ಷ ಬ್ರೇಕಿನಾಗ ಸುಟ್ಟು ಒಗದದ್ದು
ಈಗ ಚಿಲ್ಲರೆ ಆಗಿ ಬರ್ತದಂತ.
ಪೂರ್ತಿ ಅಲ್ಲ. ಅಂಗಡಿಯವ ಚಾಕಲೇಟ್ ಕೊಡೋದು ಬಿಟ್ಟು
ಖರೇ ಚಿಲ್ಲರೆ ಕೊಟ್ಟಷ್ಟು.

"ಹೊಗಿ ಇಲ್ಲ ನೋಡ್ರಿ," ಅಂದ್ಳು, ಹೆಮ್ಮಿಲೆ.
ನಾ ಬಡಗಣಕ್ಕ ಕೈ ಮಾಡಿದೆ. ಶಕ್ತಿನಗರದ ಚಿಮಣಿ.
ನಮ್ಮ ಹೊಗಿ ಅಲ್ಲಿ ನಿಂತು ನಮ್ಮನ್ನ ಕಾಯ್ತದ.
ಸುಮ್ನಾದ್ಳು. ಆಮ್ಯಾಲೆ,
"ಅದಕ್ಕೂ ಒಂದು ಪದ ಇರಬೇಕು, ಸರ್‌ನ ಕೇಳಿ ಬರ್ತೀನಿ."
ಇನ್ನೂ ಬಂದಿಲ್ಲ.

ನಿನ್ನಿ ಸಿಂಧನೂರು ಅಂದ ಸಾವ್ಕಾರ್ರು
ಮೂರು ಊರು ತಿರುಗಿಸಿದ್ರು.
ಸಂಜಿ, ರಾಯಚೂರು ಇನ್ನೂ ಐದು ಕಿಲೋಮೀಟರ್,
ಪರದೆ ಮ್ಯಾಲೆ ಆಮಿ ಮೂಡ್ತು. ಹಳದಿ, ಸಣ್ಣದು.
ಈ ಅಕ್ಷರ ಮಾತ್ರ ಯಾರೂ ಕಲಿಸಬೇಕಿರಲಿಲ್ಲ.
ಎಸಿ ಆರಿಸಿದೆ. ಕಿಟಕಿ ಇಳಿಸಿದೆ. ಮೂವತ್ತರಾಗ ಹೊಂಟೆ.

ಆಗ ಹಿಂದಿನ ಸೀಟಿನಿಂದ
ಒಂದು ಸಣ್ಣ ರಾಗ.
ಸಾವ್ಕಾರ್ರು ಗುನುಗ್ತಾರ!
ಸ್ವರ ತಪ್ಪಿ, ಅರ್ಧಕ್ಕ ನಿಂತು, ಮತ್ತ ಮೊದಲಿಂದ.
ಮೂವತ್ತೊಂದು ವರ್ಷ ಇದನ್ನ
ಡೀಸೆಲ್ ನುಂಗಿತ್ತು.
ಹಂಗಾದ್ರ ಗೇರ್ ಹಾಕೋ ಸಪ್ಪಳದಾಗ
ನಾ ಅವರಿಗೆ ಬೈದದ್ದೂ ನುಂಗಿತ್ತು, ಪುಣ್ಯಕ್ಕ.

ಎಸ್‌ಒಸಿ ಅಂದ್ರ ಎಷ್ಟು ಉಳದದ ಅನ್ನೋದರ ಹೆಸರು.
ಉಳದದ್ದು ಮೂರು ಪರ್ಸೆಂಟ್.
ಹೇಳಲಿಲ್ಲ ನಾನು.
ಹೇಳಿದ್ರ ಹಾಡು ನಿಂತೀತು.